ಲಗ್ನ ಯಾವಾಗ ತಂಗಿ?

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ ಹದಿನೆಂಟು ದಾಟಿದ ಹುಡುಗಿ ಜೋಳದ ಡಬ್ಬಿ ಹೊತ್ತುಕೊಂಡು ಗಿರಣಿಗೆ ಹೊರಟಳೆಂದರೆ, ಹಿಟ್ಟು ಮಾಡಿಸಿಕೊಂಡು ಮನೆ ಸೇರುವುದರೊಳಗೆ ಎರಡು ಮೂರು ಕಟ್ಟೆಗಳ ಮೇಲಿಂದ ಒಂದೇ ಪ್ರಶ್ನೆ ಬಂದಿರುತ್ತದೆ: ‘ಲಗ್ನ ಯಾವಾಗ ತಂಗಿ?’ ಕೇಳುವವರಿಗೆ ಖರ್ಚಿಲ್ಲ. ಉತ್ತರ ಬೇಕೆಂಬ ಹಟವೂ ಇಲ್ಲ. ಅವಳು ‘ನಿಮ್ಮ ಮಗಂದು ಆದಮ್ಯಾಲ ಕಾಕಾ’ ಅಂದರೆ ಮಾತ್ರ ‘ಭಾಳ ಓದ್ಸಿದ್ರ ಹಿಂಗೇ ಆಗ್ತದ’ ಎಂಬ ಟಿಪ್ಪಣಿ ಉಚಿತವಾಗಿ ಸೇರುತ್ತದೆ.

ಇದೇ ಪ್ರಶ್ನೆಯನ್ನು ಪಾಲ್ ಗೊಗ್ಯಾಂ ಎಂಬ ಫ್ರೆಂಚ್ ಚಿತ್ರಕಾರ 1892ರಲ್ಲಿ ತಾಹಿತಿ ದ್ವೀಪದಲ್ಲಿ ಕೂತು, ಅಲ್ಲಿಯವರ ಭಾಷೆಯಲ್ಲೇ ಕ್ಯಾನ್ವಾಸಿನ ಮೂಲೆಯಲ್ಲಿ ಬರೆದ. ‘ನಫೆಯಾ ಫಾ ಇಪೊಇಪೊ’, ಅಂದರೆ ಲಗ್ನ ಯಾವಾಗ? 2014ರಲ್ಲಿ ಆ ಚಿತ್ರ ಮಾರಾಟವಾಯಿತು. ಮೊದಲು ಪೇಪರಿನವರು 30 ಕೋಟಿ ಡಾಲರ್ ಎಂದು ಡಂಗುರ ಸಾರಿದರು. ಆಮೇಲೆ ದಲ್ಲಾಳಿಯ ಕಮಿಷನ್ ತಂಟೆ ಲಂಡನ್ನಿನ ಕೋರ್ಟಿಗೆ ಹೋಗಿ, ಖರೇ ರೇಟು 21 ಕೋಟಿ ಎಂದು ಹೊರಬಿತ್ತು. ಕಲಬುರಗಿಯ ತೊಗರಿ ಗಂಜ್‌ನಲ್ಲಿ ಅಡತಿ ಕಟ್ಟಿ ಸೋತವರಿಗೆ ಈ ಕಥೆ ಹೊಸದೇನಲ್ಲ. ಆಗಿನ ದರದಲ್ಲಿ ಡಾಲರಿಗೆ ಅರವತ್ತು ರೂಪಾಯಿ ಹಿಡಿದರೂ 1,260 ಕೋಟಿ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಲೆಕ್ಕ ಹಾಕಿದರೆ, ನಮ್ಮೂರ ಹೆಣ್ಣುಮಗಳೊಬ್ಬಳು ಹಬ್ಬ–ಹುಣ್ಣಿಮೆಗೂ ರಜೆ ಹಾಕದೆ ಸುಮಾರು 93 ಸಾವಿರ ವರ್ಷ ಮಣ್ಣು ಹೊತ್ತರೆ ಆ ಚಿತ್ರ ಕೊಂಡು ಅಡುಗೆಮನೆಯ ಮೊಳೆಗೆ ತೂಗುಹಾಕಬಹುದು. ನಮ್ಮ ಕಟ್ಟೆಯ ಕಾಕಾಗಳು ಇಷ್ಟು ವರ್ಷ ಪುಗಸಟ್ಟೆ ಕೇಳಿ ಎಷ್ಟು ಕಳಕೊಂಡರೋ, ಪಾಪ.

ಚಿತ್ರದಲ್ಲಿ ಇಬ್ಬರು ಹುಡುಗಿಯರು ನೆಲದ ಮೇಲೆ ಕೂತಿದ್ದಾರೆ. ಮುಂದಿನವಳ ಕಿವಿಯ ಮೇಲೆ ಬಿಳಿ ಹೂ. ಹಿಂದಿನವಳು ಕುತ್ತಿಗೆ ತನಕ ಮುಚ್ಚಿದ ಗುಲಾಬಿ ಬಣ್ಣದ ನಿಲುವಂಗಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕೈಯೊಂದನ್ನು ಯಾವುದೋ ಬುದ್ಧನ ಮುದ್ರೆಯಲ್ಲಿ ಎತ್ತಿದ್ದಾಳೆ. ಇಬ್ಬರೂ ನಮ್ಮತ್ತ ನೋಡುತ್ತಿಲ್ಲ. ಪ್ರಶ್ನೆ ಕೇಳಿದಾತ ಚೌಕಟ್ಟಿನ ಹೊರಗಿದ್ದಾನೆ. ಕಟ್ಟೆಯ ಮೇಲಿದ್ದಾನೆ ಅನ್ನಿ.

ಈ ಕಟ್ಟೆಯ ಮನುಷ್ಯ ಮೊದಲು ಪ್ಯಾರಿಸ್ಸಿನಲ್ಲಿ ಶೇರು ದಲ್ಲಾಳಿ. 1882ರಲ್ಲಿ ಪೇಟೆ ಮುಗ್ಗರಿಸಿದಾಗ ಪೂರಾ ಚಿತ್ರಕಾರನಾದ. ಡೆನ್ಮಾರ್ಕಿನ ಹೆಂಡತಿ ಮೆಟ್ ಮತ್ತು ಐದು ಮಕ್ಕಳನ್ನು ಕೋಪನ್‌ಹೇಗನ್ನಿನಲ್ಲಿ ಬಿಟ್ಟು, ನಾಗರಿಕತೆ ಸಾಕಾಯಿತೆಂದು ಘೋಷಿಸಿ, ಇನ್ನೂ ಕೆಡದ ಹೆಣ್ಣು ಎಲ್ಲಿ ಸಿಕ್ಕಾಳು ಎಂದು ಭೂಪಟ ಬಿಚ್ಚಿದ. ಟೊಂಕಿನ್, ಮಡಗಾಸ್ಕರ್ ಎಲ್ಲ ಯೋಚಿಸಿ ಕಡೆಗೆ ತಾಹಿತಿ ಅಂತಾಯಿತು. ನಾಗರಿಕತೆಗೆ ಬೆನ್ನು ಹಾಕುವಾಗಲೂ ಫ್ರೆಂಚ್ ಸರ್ಕಾರದಿಂದ ‘ಕಲಾ ನಿಯೋಗ’ ಎಂಬ ಕಾಗದ ಮಾತ್ರ ಮರೆಯದೆ ಕಿಸೆಯಲ್ಲಿಟ್ಟುಕೊಂಡ. ಸಂಬಳವಿಲ್ಲ, ಸಿಕ್ಕಾ ಇದೆ. ನಮ್ಮಲ್ಲಿ ನಿಗಮ–ಮಂಡಳಿಗಳ ಮಾಜಿ ನಿರ್ದೇಶಕರು ಕಾರಿನ ಮೇಲೆ ಹಾಕಿಕೊಳ್ಳುವ ಬೋರ್ಡಿನ ಜಾತಿಯದು.

1891ರ ಜೂನಿನಲ್ಲಿ ಪಾಪೀಟೆ ಬಂದರಿನಲ್ಲಿ ಇಳಿದು ನೋಡುತ್ತಾನೆ, ಪಾದ್ರಿಗಳು ಇವನಿಗಿಂತ 94 ವರ್ಷ ಮೊದಲೇ ಬಂದು ಕೂತಿದ್ದಾರೆ. ಕೆಡದ ಹೆಣ್ಣುಗಳೆಲ್ಲ ಕುತ್ತಿಗೆಯಿಂದ ಕಾಲಿನ ತನಕ ಮಿಷನ್ನಿನ ನಿಲುವಂಗಿ ತೊಟ್ಟು ಭಾನುವಾರ ಚರ್ಚಿನಲ್ಲಿ ಭಜನೆ ಹಾಡುತ್ತಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಮುಂದಿನ ಹಡಗು ಹಿಡಿಯುತ್ತಿದ್ದರು. ಹೋದ ಹೊಸತರಲ್ಲಿ ಈತನೂ ಕಂಡದ್ದನ್ನು ಕಂಡಂತೆ ಬರೆದ. ನೀಲಿ ನಿಲುವಂಗಿ ತೊಟ್ಟು ಕೈಯಲ್ಲಿ ಹೂ ಹಿಡಿದು ಗಂಭೀರವಾಗಿ ಕೂತ ಹೆಂಗಸಿನ ಆ 1891ರ ಚಿತ್ರ ನನಗೆ ಅವನ ಎಷ್ಟೋ ಬೆತ್ತಲೆಗಳಿಗಿಂತ ಮೇಲು. ಆದರೆ ಪ್ಯಾರಿಸ್ಸಿನಲ್ಲಿ ನಿಲುವಂಗಿಗೆ ಗಿರಾಕಿ ಇಲ್ಲ. ಆ ಊರಲ್ಲಿ ನಿಲುವಂಗಿ ಬೇಕಾದಷ್ಟಿದ್ದವು. ಹಾಗಾಗಿ ಪಾದ್ರಿಗಳು ನೂರು ವರ್ಷ ಕಷ್ಟಪಟ್ಟು ತೊಡಿಸಿದ್ದನ್ನು ಈತ ಕುಂಚದಿಂದ ಕಳಚುತ್ತ ಹೋದ. ತೊಡಿಸಿದವರೂ ಆ ಹೆಣ್ಣುಮಕ್ಕಳನ್ನು ಕೇಳಲಿಲ್ಲ, ಕಳಚಿದಾತನೂ ಕೇಳಲಿಲ್ಲ. ಇಬ್ಬರದೂ ಉದ್ಧಾರದ ಕೆಲಸ.

ಬಣ್ಣದ ಮಾತು ಬೇರೆ. ಮಣ್ಣಿಗೆ ನೇರಳೆ, ಕೊಳಕ್ಕೆ ಹಳದಿ ಹಾಕಿಯೂ ಒಪ್ಪಿಸಬಲ್ಲ ಗಂಡಸು. ಪೋಸ್ಟ್ ಇಂಪ್ರೆಷನಿಸ್ಟರು ಎಂದು ಸೆಜಾನ್, ವ್ಯಾನ್ ಗೋ ಜೊತೆ ಇವನನ್ನು ಒಂದೇ ಸಾಲಿನಲ್ಲಿ ಕೂರಿಸಿದ್ದು ಸುಮ್ಮನೆ ಅಲ್ಲ. ತಕರಾರು ಇರುವುದು, ಆ ಬಣ್ಣದ ಕೆಳಗೆ ಅಂಟಿಸಿದ ‘ಅಪ್ಪಟ ತಾಹಿತಿ ಹೆಣ್ಣು’ ಎಂಬ ಚೀಟಿಯ ಮೇಲೆ. ಅಪ್ಪಟದ ಸಾಮಾನು ಎಲ್ಲೆಲ್ಲಿಂದ ಬಂತು ನೋಡಿ. ಒಂದು ಚಿತ್ರದಲ್ಲಿ ಮೇರಿ ಮಾತೆಗೆ ಕೈಮುಗಿದು ನಿಂತ ಹೆಂಗಸರ ನಿಲುವು ಜಾವಾದ ಬೊರೊಬುದೂರ್ ಸ್ತೂಪದ ಫೋಟೊದಿಂದ ಎತ್ತಿದ್ದು. ಇನ್ನೊಂದರಲ್ಲಿ ಸಂತೆಯಲ್ಲಿ ಸಾಲಾಗಿ ಕೂತವರ ಭಂಗಿ ಈಜಿಪ್ತಿನ ಗೋರಿಯ ಗೋಡೆಯದು. ‘ನೋವಾ ನೋವಾ’ ಎಂಬ ಪುಸ್ತಕದಲ್ಲಿ ಅವನ ಹುಡುಗಿ ರಾತ್ರಿ ಪಕ್ಕದಲ್ಲಿ ಮಲಗಿ ತಮ್ಮ ದೇವರ, ನಕ್ಷತ್ರಗಳ ಕಥೆ ಹೇಳುತ್ತಾಳೆ. ಆ ಕಥೆಗಳು ಮೋರೆನ್ಹೌಟ್ ಎಂಬ ಯುರೋಪಿಯನ್ 1837ರಲ್ಲಿ ಪ್ಯಾರಿಸ್ಸಿನಲ್ಲೇ ಅಚ್ಚು ಹಾಕಿಸಿದ ಪುಸ್ತಕದಿಂದ ನಕಲು ಹೊಡೆದವು. ಕಾಪಿ ಹೊಡೆದವನು ಗಂಡ, ಸಹಿ ಹೆಂಡತಿಯದು. ನಮ್ಮ ಕಡೆಯ ಮಹಿಳಾ ಮೀಸಲು ಪಂಚಾಯಿತಿಗಳಲ್ಲಿ ‘ಅಧ್ಯಕ್ಷರ ಪತಿ’ ಎಂಬ ಹುದ್ದೆ ಕಂಡವರಿಗೆ ಈ ವ್ಯವಸ್ಥೆ ಪರಿಚಿತ.

ಆ ಹುಡುಗಿಯ ಹೆಸರು ತೆಹಾಅಮಾನ. ವಯಸ್ಸು ಹದಿಮೂರರ ಆಸುಪಾಸು, ಸಾಹೇಬರಿಗೆ ನಲವತ್ತಮೂರು. ಕುದುರೆ ಏರಿ ದ್ವೀಪ ಸುತ್ತುವಾಗ ಹೆಂಗಸೊಬ್ಬಳು ಎಲ್ಲಿಗೆ ಹೊರಟಿರಿ ಎಂದಳಂತೆ, ಹೆಂಡತಿ ಹುಡುಕಲಿಕ್ಕೆ ಎಂದನಂತೆ, ನನ್ನ ಮಗಳಿದ್ದಾಳೆ ಎಂದಳಂತೆ, ಒಂದು ತಾಸಿನೊಳಗೆ ಎಲ್ಲ ಮುಗಿಯಿತಂತೆ. ಬರೆದವನು ಅವನೇ, ನಂಬುವವರು ನಾವು. ಕೋಪನ್‌ಹೇಗನ್ನಿನಲ್ಲಿ ಮೆಟ್ ಬದುಕಿದ್ದಳು ಎಂಬ ಸಣ್ಣ ವಿಷಯ ಆ ತಾಸಿನಲ್ಲಿ ಎತ್ತಲು ಯಾರಿಗೂ ಪುರಸೊತ್ತಾಗಲಿಲ್ಲ. ಮುಂಬೈ–ಮದರಾಸು ರೈಲು 1871ರಲ್ಲೇ ನಮ್ಮ ಕಲಬುರಗಿ ಹಾದು ಓಡುತ್ತಿತ್ತು. ಕೆಡದ ಹೆಣ್ಣನ್ನು ಹುಡುಕುತ್ತ ಪುಣ್ಯಾತ್ಮ ಈ ಕಡೆ ಇಳಿದಿದ್ದರೆ, ಆಗಿನ ನಿಜಾಮನ ರಾಜ್ಯದಲ್ಲಿ ಹದಿಮೂರರ ಹುಡುಗಿಗೆ ‘ಇಷ್ಟ್ ತಡಾ ಯಾಕ್ರಿ?’ ಎಂದೇ ಕೇಳುತ್ತಿದ್ದರು. ಈಗ ಬಂದರೆ ಮಾತ್ರ ಕಷ್ಟ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಹಚ್ಚುತ್ತಾರೆ, ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎನ್ನುವ ಕರ್ನಾಟಕದ ತಿದ್ದುಪಡಿ ಇದೆ, ಮೇಲೆ ಪೋಕ್ಸೊ. ಆಳಂದ ಠಾಣೆಯ ಗೋಡೆ ಮೇಲೆ ಪೋಸ್ಟ್ ಇಂಪ್ರೆಷನಿಸಂನ ಎರಡನೇ ಹಂತ ಶುರುವಾಗುತ್ತದೆ. ದೊಡ್ಡ ದೇಶಗಳ ಗ್ಯಾಲರಿಗಳಲ್ಲಿ ಚಿತ್ರದ ಪಕ್ಕದ ಚೀಟಿ ಬಹುಕಾಲ ತೆಹಾಅಮಾನಳನ್ನು ‘ಸಂಗಾತಿ’ ಎಂದಿತು. 2019ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಗೊಗ್ಯಾಂನ ಭಾವಚಿತ್ರಗಳ ಪ್ರದರ್ಶನ ಇಟ್ಟು, ಇವನನ್ನು ನೋಡುವುದನ್ನೇ ಬಿಡಬೇಕಾ ಎಂದು ನೋಡಲು ಬಂದವರನ್ನೇ ಕೇಳಿತು. ಟಿಕೆಟ್ಟಿನ ದುಡ್ಡು ಪ್ರಶ್ನೆಗಿಂತ ಮೊದಲೇ ತೆಗೆದುಕೊಂಡಿತ್ತು.

ನಮ್ಮ ದೇಶದ ಹೆಣ್ಣುಮಗಳೊಬ್ಬಳು ಈ ಆಟಕ್ಕೆ ಒಳಗಿನಿಂದಲೇ ಉತ್ತರ ಕೊಟ್ಟಿದ್ದಾಳೆ. ಅಮೃತಾ ಶೇರ್‌ಗಿಲ್, ಇಪ್ಪತ್ತೊಂದರ ಪ್ರಾಯದಲ್ಲಿ, 1934ರಲ್ಲಿ ತನ್ನನ್ನೇ ತಾಹಿತಿಯವಳಂತೆ ನಿಲ್ಲಿಸಿ ಬರೆದುಕೊಂಡಳು, ಹಿಂದೆ ಗಂಡಸಿನದೊಂದು ನೆರಳು ಬಿಟ್ಟು. ಮುಂದಿನ ವರ್ಷ ಭಾರತದಲ್ಲಿ ಬರೆದ ‘ಮೂವರು ಹುಡುಗಿಯರು’ ನೋಡಿ, ಲಗ್ನ ಯಾವಾಗ ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ಸುಸ್ತಾದ ಮುಖಗಳು. ಬಣ್ಣ ಗೊಗ್ಯಾಂನಿಂದ ಕಲಿತದ್ದು, ಸುಸ್ತು ಸ್ವಂತದ್ದು.

ಇನ್ನು ನಮ್ಮ ಮನೆ ದೋಸೆಯ ತೂತಿಗೆ ಬರೋಣ. ಎಸ್.ಎಂ. ಪಂಡಿತ (1916–1993) ಕಲಬುರಗಿಯವರು. ಅವರ ಹೆಸರಿನ ರಂಗಮಂದಿರದಲ್ಲಿ ಸನ್ಮಾನದ ಶಾಲು ಹೊದೆಯದ ಗಣ್ಯರು ಈ ಜಿಲ್ಲೆಯಲ್ಲಿ ಉಳಿದಿಲ್ಲ. ಹೊರಗೆ ಬರುವಾಗ ಪಂಡಿತರ ಒಂದು ಚಿತ್ರದ ಹೆಸರು ಹೇಳಿ ಎಂದರೆ ಶಾಲು ಸರಿಮಾಡಿಕೊಳ್ಳುತ್ತಾರೆ. ಪಂಡಿತರಿಗೆ ಮೊದಲ ಪಾಠ ಹೇಳಿದವರು ಶಂಕರರಾವ ಆಳಂದಕರ. ಆಮೇಲೆ ಮದರಾಸು, ಆಮೇಲೆ ಮುಂಬೈಯ ಜೆ.ಜೆ. ಸ್ಕೂಲು. ಹೊಟ್ಟೆಪಾಡಿಗೆ ಮೆಟ್ರೊ ಟಾಕೀಸಿಗೆ ಹಾಲಿವುಡ್ ಸಿನಿಮಾಗಳ ಷೋ ಕಾರ್ಡು, ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟ. ಅಲ್ಲಿಂದ ಕ್ಯಾಲೆಂಡರು. ಆ ಕ್ಯಾಲೆಂಡರಿನಲ್ಲಿ ರಾಧೆ, ಮೇನಕೆ, ಶಕುಂತಲೆ, ದುರ್ಗೆ ಎಲ್ಲ ಬಂದು ನಮ್ಮ ಗೋಡೆಗಳ ಮೇಲೆ ಕೂತರು.

ಹತ್ತಿರ ಹೋಗಿ ನೋಡಿ. ಕೆನ್ನೆಯ ಮೇಲೆ ಒಂದು ಪಕ್ಕದಿಂದ ಬೀಳುವ ಆ ಬೆಳಕು ಕೈಲಾಸದ್ದಲ್ಲ, ವೃಂದಾವನದ್ದೂ ಅಲ್ಲ, ಹಾಲಿವುಡ್ಡಿನ ಸ್ಟುಡಿಯೊದ್ದು. ತುಟಿಯ ಕೆಂಪು ಎಲೆ–ಅಡಿಕೆಯದಲ್ಲ. ಕೂದಲ ಸುರುಳಿ ಹರಳೆಣ್ಣೆ ಕಂಡದ್ದಲ್ಲ. ನಮ್ಮ ಆಯಿ ಎಷ್ಟೋ ವರ್ಷ ಊದಿನಕಡ್ಡಿ ಬೆಳಗಿದ್ದು, ಅರ್ಧ ದೇವಿಗೆ, ಅರ್ಧ ಅಮೆರಿಕದ ನಟಿಗೆ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಪಂಡಿತರ ಕೈ ದೊಡ್ಡದು. ಪೋಸ್ಟರ್ ಬಣ್ಣದಲ್ಲಿ ಅಷ್ಟು ಮೃದು ಚರ್ಮ ಬರೆದವರು ಕಡಿಮೆ. ಗೊಗ್ಯಾಂ ಬಟ್ಟೆ ಕಳಚಿ ‘ಇವಳು ಅಪ್ಪಟ ಹೆಣ್ಣು’ ಅಂದ, ನಮ್ಮ ಕ್ಯಾಲೆಂಡರು ರೇಶಿಮೆ–ಒಡವೆ ಹೇರಿ ‘ಇವಳು ಅಪ್ಪಟ ಹೆಣ್ಣು’ ಅಂತು. ಎರಡರಲ್ಲೂ ಅವಳ ಅಂಗೈ ನುಣುಪು. ಪರಾತದಲ್ಲಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದ ಗುರುತಿಲ್ಲ, ತೊಗರಿ ಹೊಲದಲ್ಲಿ ಸದಿ ತೆಗೆದು ಖುರ್ಪಿಯ ಹಿಡಿ ಒತ್ತಿದ ಗಂಟಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಬೇಳೆಗೆ ಊರಿನ ಹೆಸರಿದೆ. ಸದಿ ತೆಗೆದ ಕೈಗಳಿಗೆ ಯಾವ ಟ್ಯಾಗೂ ಬಂದಿಲ್ಲ.

ಆದರೆ ಕ್ಯಾಲೆಂಡರಿಗೆ ಕೆಳಗಿನ ಅರ್ಧವೂ ಇರುತ್ತದೆ. ಅದನ್ನು ಕಲಾವಿಮರ್ಶಕರು ನೋಡುವುದಿಲ್ಲ. ಮೇಲೆ ಮೇನಕೆ ವಿಶ್ವಾಮಿತ್ರನ ತಪಸ್ಸು ಕೆಡಿಸುತ್ತಿರುವಾಗ, ಕೆಳಗೆ ತಾರೀಕಿನ ಚೌಕಗಳಲ್ಲಿ ಸೀಸದಕಡ್ಡಿಯ ಸಣ್ಣಕ್ಷರ: ‘ಹಾಲ ಬಂದಿಲ್ಲ’, ‘ಗ್ಯಾಸ ಹಚ್ಚಿದ್ದು’, ‘ಸಂಘ 200’, ‘ಆಕಳ ಕಟ್ಟಿಸಿದ್ದು’. ಕೆಲವು ಚೌಕಗಳಲ್ಲಿ ಅಕ್ಷರವಿಲ್ಲ, ಒಂದು ಚುಕ್ಕೆ ಮಾತ್ರ. ಅದು ಯಾವ ಲೆಕ್ಕ ಎಂದು ಗಂಡಸರು ಕೇಳುವುದಿಲ್ಲ. ಮೊಳೆಗೆ ತೂಗಿದ ಆ ಹಾಳೆಯಲ್ಲಿ ಹೆಣ್ಣಿನ ಬಗ್ಗೆ ಖರೇ ಮಾತು ಇರುವುದು ಕೆಳಗಿನರ್ಧದಲ್ಲೇ. ವರ್ಷ ಮುಗಿದ ಮೇಲೆ ಮೇಲಿನರ್ಧ ಕತ್ತರಿಸಿ ಫ್ರೇಮು ಹಾಕಿಸುತ್ತೇವೆ. ಕೆಳಗಿನರ್ಧ ಒಲೆಗೆ.

ಬರೆಯುವ ಹೆಣ್ಣು ನಮ್ಮ ಭಾಗದ ಶಿಲ್ಪದಲ್ಲೂ ಇದ್ದಾಳೆ. ಬೀದರ್ ಜಿಲ್ಲೆಯ ಜಲಸಂಗ್ವಿಯ ಗುಡಿಯ ಹೊರಗೋಡೆಯಲ್ಲಿ ಸೊಂಟ ಬಳುಕಿಸಿ ನಿಂತು ಕಲ್ಲಿನ ಫಲಕದ ಮೇಲೆ ಅಕ್ಷರ ಕೆತ್ತುತ್ತಿದ್ದಾಳೆ. ಕಲ್ಯಾಣ ಚಾಲುಕ್ಯರ ಕಾಲದವಳು. ಒಂಬೈನೂರು ವರ್ಷದ ಹಿಂದೆಯೇ ನಮ್ಮ ಹೆಣ್ಣುಮಕ್ಕಳು ಅಕ್ಷರಸ್ಥರು ಎಂದು ಭಾಷಣಕಾರರು ಎದೆ ಉಬ್ಬಿಸುತ್ತಾರೆ. ಆಕೆ ಬರೆದದ್ದು ಏನು ಎಂದು ನೋಡಬೇಕು: ಏಳು ದ್ವೀಪಗಳ ಭೂಮಿಯೂ ತನ್ನದಾಗುವಂಥ ದೊರೆ ವಿಕ್ರಮಾದಿತ್ಯ ಎಂಬ ಹೊಗಳಿಕೆ. ಕಡೆಗೂ ಕೈಗೆ ಉಳಿ ಸಿಕ್ಕಿದಾಗ ಬರೆಸಿದ್ದು ಸಾಹೇಬರ ಬಯೋಡಾಟಾ.

ಬಯೋಡಾಟಾ ಅಂದಾಗ ನೆನಪಾಯಿತು. ತಾಲ್ಲೂಕು ಊರಿನ ಫೋಟೊ ಸ್ಟುಡಿಯೊಗಳಲ್ಲಿ ಈಗಲೂ ನಡೆಯುವ ಒಂದು ಚಿತ್ರಕಲಾ ಪಂಥವಿದೆ, ‘ಕನ್ಯಾ ಫೋಟೊ’. ಹಿಂದೆ ಕಾರಂಜಿ ಮತ್ತು ಹಿಮದ ಬೆಟ್ಟದ ಪರದೆ. ಆಳಂದದ ಬಿಸಿಲಿಗೆ ಬೆವೆತ ಹುಡುಗಿ ಸ್ವಿಟ್ಜರ್ಲೆಂಡಿನ ಮುಂದೆ ಅತ್ತಿಗೆಯ ಸೀರೆಯಲ್ಲಿ ನಿಲ್ಲುತ್ತಾಳೆ. ‘ಸ್ವಲ್ಪ ನಗ್ರೀ ಅಕ್ಕಾರ, ಭಾಳ ಬ್ಯಾಡ.’ ಹಿಂದೆ ಟ್ಯೂಬ್‌ಲೈಟು ಮಾಡುತ್ತಿದ್ದ ಕೆಲಸ ಈಗ ಫೋನಿನ ಫಿಲ್ಟರು ಮಾಡುತ್ತದೆ. ಕರಿಮಣ್ಣಿನ ನಾಡಿನಲ್ಲಿ ಹುಟ್ಟಿದವಳು ಒಂದೇ ಒತ್ತಿಗೆ ಗೋಧಿಹಿಟ್ಟಾಗುತ್ತಾಳೆ. ಫೋಟೊ ಪಾಸಾದರೆ ನೋಡಲು ಬರುತ್ತಾರೆ. ಚೂಡಾ, ಚಹಾ, ಚಾಪೆ. ‘ರೊಟ್ಟಿ ಬರ್ತಾವೇನವ್ವಾ? ಹೆಸರ ಬರದು ತೋರ್ಸು.’ ಬಿ.ಎಡ್. ಮುಗಿಸಿದವಳು ಪಿಯುಸಿ ದಾಟದ ವರನ ಮುಂದೆ ತನ್ನ ಹೆಸರು ತಪ್ಪಿಲ್ಲದೆ ಬರೆದು ತೋರಿಸಬೇಕು. ಗೊಗ್ಯಾಂ ಒಂದು ತಾಸಿನಲ್ಲಿ ಮುಗಿಸಿದ್ದನ್ನು ನಾವು ಚಹಾ ಸಮೇತ ಎರಡು ತಾಸು ಎಳೆಯುತ್ತೇವೆ, ಸಂಸ್ಕೃತಿ ಅಂದರೆ ಅಷ್ಟೇ ವ್ಯತ್ಯಾಸ.

ನ್ಯಾಯ ಹೇಳಬೇಕೆಂದರೆ ಈಚೆಗೆ ಕಟ್ಟೆ ಸ್ವಲ್ಪ ವಾಲಿದೆ. ಹೊಲದ ಹುಡುಗರಿಗೆ ಕನ್ಯಾ ಸಿಗುತ್ತಿಲ್ಲ. 2023ರಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಮದುವೆಯಾಗಲೆಂದು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ನಮ್ಮಲ್ಲೂ ಈಗ ‘ಲಗ್ನ ಯಾವಾಗ ತಮ್ಮಾ?’ ಎಂದರೆ ಮೀಸೆಯ ಕೆಳಗೆ ಉತ್ತರವಿರುವುದಿಲ್ಲ. ಈ ಪ್ರಶ್ನೆಯನ್ನು ಚಿತ್ರ ಬರೆದು 21 ಕೋಟಿಗೆ ಮಾರುವ ಚಿತ್ರಕಾರ್ತಿ ಇನ್ನೂ ಹುಟ್ಟಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಚಿತ್ರಕ್ಕೆ ನಿಂತ ಹೆಣ್ಣಿಗೆ ಕೂಲಿ ಕೊಡುವ ಕಲಾಪೋಷಕರೂ ನಮ್ಮ ಕಾಲದಲ್ಲಿ ಇದ್ದಾರೆ ಎನ್ನದಿದ್ದರೆ ಅನ್ಯಾಯವಾದೀತು. ಭಾರತ ಸರ್ಕಾರ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೆಲಸದ ಜಾಗದಲ್ಲಿ ಎನ್ಎಂಎಂಎಸ್ ಎಂಬ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ಕಡ್ಡಾಯವಾಯಿತು. ಬುಟ್ಟಿ ಇಳಿಸಿ, ಸಾಲಾಗಿ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಬೇಕು. ನೆಟ್‌ವರ್ಕ್ ಇದ್ದರೆ ಹಾಜರಿ, ಇಲ್ಲದಿದ್ದರೆ ಇಡೀ ದಿನ ಅಗೆದ ಗುಂಡಿ ಮಾಯೆ. ತೆಹಾಅಮಾನಳಿಗೂ ಮೇನಕೆಗೂ ಸಿಗದ ಗೌರವ ಇದು, 2025–26ರ ದರದಲ್ಲಿ ನಿಂತ ಭಂಗಿಗೆ 370 ರೂಪಾಯಿ.

ಆಗ ನಡೆಯಿತು ನೋಡಿ, ಗೊಗ್ಯಾಂಗೆ ಹೊಳೆಯದ ಮಹಾ ಪ್ರಯೋಗ. 2025ರ ಏಪ್ರಿಲ್‌ನಲ್ಲಿ ಪಕ್ಕದ ಯಾದಗಿರಿ ಜಿಲ್ಲೆಯಿಂದ ಸುದ್ದಿ ಬಂತು: ಹೆಣ್ಣಾಳುಗಳ ಹೆಸರಿನ ಹಾಜರಿಗೆ ಗಂಡಸರೇ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಫೋಟೊಕ್ಕೆ ನಿಂತಿದ್ದರು. ಆ್ಯಪ್ ಫೋಟೊ ನುಂಗಿಕೊಂಡಿತು. ಹೆಣ್ಣುತನ ಅಂದರೆ ಏನು ಎಂದು ಪ್ಯಾರಿಸ್ಸಿನಿಂದ ಪಾಪೀಟೆ ತನಕ ಹಡಗು ಹತ್ತಿ ಹುಡುಕಿದ್ದಕ್ಕೆ ನಮ್ಮ ಭಾಗದ ಪ್ರತಿಭೆ ಐದೂವರೆ ಮೀಟರಿನಲ್ಲಿ ಉತ್ತರ ಹೇಳಿತು. ಹೆಣ್ಣಿನ ಚಿತ್ರಕ್ಕೆ ಹೆಣ್ಣು ಬೇಕೇ ಬೇಕೆಂದೇನಿಲ್ಲ, ಸೀರೆ ಸಾಕು. ಅದೇ ವರ್ಷ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಫೋಟೊದ ಫೋಟೊ ಹಾಕುತ್ತಿದ್ದಾರೆ, ಹಾಜರಿಯಲ್ಲಿರುವ ಗಂಡು–ಹೆಣ್ಣಿನ ಲೆಕ್ಕಕ್ಕೂ ಚಿತ್ರದಲ್ಲಿರುವವರಿಗೂ ತಾಳೆಯಾಗುತ್ತಿಲ್ಲ ಎಂದು ಒಪ್ಪಿಕೊಂಡಿತು. ಫೋಟೊದಿಂದ ಫೋಟೊ ತೆಗೆಯುವ ವಿದ್ಯೆಗೆ ಬೊರೊಬುದೂರ್ ಕಾಲದ ಪರಂಪರೆಯಿದೆ ಎಂದು ಯಾರಾದರೂ ಸಚಿವಾಲಯಕ್ಕೆ ತಿಳಿಸಬೇಕು.

ಆ ಸೀರೆಯ ಫೋಟೊವನ್ನು ಕಿಣ್ಣಿ ಸುಲ್ತಾನದ ಯಾವ ಆಯಿಗಾದರೂ ಫೋನಿನಲ್ಲಿ ತೋರಿಸಿ ನೋಡಿ. ಸಚಿವಾಲಯದ ಹಾಗೆ ಮೂರು ತಿಂಗಳು ತೆಗೆದುಕೊಳ್ಳುವುದಿಲ್ಲ. ಚಷ್ಮಾ ಹಣೆಗೇರಿಸಿ, ಫೋನು ದೂರ ಹಿಡಿದು, ಒಂದು ಸಲ ಕಣ್ಣಾಡಿಸಿ ಹೇಳುತ್ತಾಳೆ:

‘ಯಪ್ಪಾ, ನಿರಗಿ ಹಿಡ್ಯಾಕ್ಕೂ ಬರಂಗಿಲ್ಲ ಇವಕ್ಕ. ಪಗಾರ ಮಾತ್ರ ಪೂರಾ ಬೇಕಂತ. ಕೊಡ್ರಿ, ಕೊಡ್ರಿ. ಖರೆ ನಾಳಿಂದ ರೊಟ್ಟಿನೂ ಇವ್ರೇ ಬಡೀಲಿ ಅನ್ರಿ.’